ಬೆಳಕಿಗೊಂದು ಕಾರಣ: ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೌ

ಸಿನಿಮಾ ವಿಮರ್ಶೆಗಳನ್ನು ಓದುವಾಗ ಒಂದು ಸಂಗತಿ ಬಹುಕಾಲದಿಂದ ನನ್ನನ್ನು ಕಾಡುತ್ತಿದೆ. ಕಥೆಯ ಬಗ್ಗೆ ನಾಲ್ಕು ಪ್ಯಾರಾ, ನಟನೆಯ ಬಗ್ಗೆ ಎರಡು ಪ್ಯಾರಾ ಬರೆದಾದ ಮೇಲೆ, ಮುಗಿಸುವ ಹೊತ್ತಿಗೆ ‘ಛಾಯಾಗ್ರಹಣ ಕಣ್ಣಿಗೆ ಹಬ್ಬ’ ಎಂಬ ಒಂದು ವಾಕ್ಯ ಬರುತ್ತದೆ. ಆ ವಾಕ್ಯಕ್ಕೆ ಅವಕಾಶ ಸಿಗುವುದು ಹೆಚ್ಚಾಗಿ ಮಲೆನಾಡಿನ ಮಳೆಯೋ ಕರಾವಳಿಯ ಸಂಜೆಯೋ ಡ್ರೋನ್ ಕಣ್ಣಿನಿಂದ ಕಂಡ ಕಾಫಿ ತೋಟವೋ ತೆರೆಯ ತುಂಬ ಹರಡಿದಾಗ ಮಾತ್ರ. ಇಬ್ಬರು ಒಂದು ಸಾಧಾರಣ ಕೋಣೆಯಲ್ಲಿ ಕುಳಿತು ಮಾತನಾಡುವ ದೃಶ್ಯಕ್ಕಾಗಿ ಛಾಯಾಗ್ರಾಹಕರನ್ನು ಯಾರಾದರೂ ಮೆಚ್ಚಿ ಬರೆದದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಆದರೆ ಸಿನಿಮಾದ ಬಹುಪಾಲು ನಡೆಯುವುದು ಅಂಥ ಕೋಣೆಗಳಲ್ಲಿಯೇ. ಆ ಕೋಣೆಗೆ ಬೆಳಕು ಯಾವ ಕಡೆಯಿಂದ ಬರಬೇಕು, ಯಾರ ಮುಖದ ಮೇಲೆ ಎಷ್ಟು ಬೀಳಬೇಕು, ಯಾವ ಮೂಲೆ ಕತ್ತಲಲ್ಲಿಯೇ ಉಳಿಯಬೇಕು ಎಂದು ಯಾರೋ ಒಬ್ಬರು ಕುಳಿತು ಯೋಚಿಸಿರುತ್ತಾರೆ. ಆ ಯೋಚನೆ ಸರಿಯಾಗಿದ್ದಷ್ಟೂ ನಮ್ಮ ಗಮನಕ್ಕೆ ಬರುವುದಿಲ್ಲ. ಗಮನಕ್ಕೆ ಬಾರದ ಕೆಲಸವನ್ನು ಹೇಗೆ ಅಳೆಯುವುದು?

ಈ ಪ್ರಶ್ನೆ ಇನ್ನಷ್ಟು ಚೂಪಾದದ್ದು ಜೇಮ್ಸ್ ವಾಂಗ್ ಹೌ ಅವರ ನಾಲ್ಕು ಚಿತ್ರಗಳನ್ನು ಹತ್ತಿರಹತ್ತಿರದ ದಿನಗಳಲ್ಲಿ ನೋಡಿದಾಗ. ‘ದಿ ರೋಸ್ ಟ್ಯಾಟೂ’ (1955), ‘ಸ್ವೀಟ್ ಸ್ಮೆಲ್ ಆಫ್ ಸಕ್ಸೆಸ್’ (1957), ‘ಹಡ್’ (1963), ‘ಸೆಕೆಂಡ್ಸ್’ (1966). ನಾಲ್ಕೂ ಕಪ್ಪು-ಬಿಳುಪಿನವು, ನಾಲ್ಕೂ ಹನ್ನೊಂದೇ ವರ್ಷಗಳ ಅಂತರದಲ್ಲಿ ಬಂದವು. ಮೊದಲನೆಯದರಲ್ಲಿ ಅಮೆರಿಕದ ದಕ್ಷಿಣ ತೀರದ ಬಿಸಿಯೂ ಬೆವರೂ ತುಂಬಿದ ಮನೆ. ಕಿಟಕಿಯ ಪರದೆ ಎಳೆದುಕೊಂಡು ಗಂಡನ ಸಾವಿನ ದುಃಖವನ್ನು ಒಳಗೇ ಕೂಡಿಟ್ಟುಕೊಂಡ ಅನ್ನಾ ಮಾನ್ಯಾನಿ. ಎರಡನೆಯದರಲ್ಲಿ ನ್ಯೂಯಾರ್ಕಿನ ರಾತ್ರಿ, ಕಾರುಗಳ ದೀಪ, ಹೊಳೆಯುವ ಗೋಡೆಗಳು. ಮೂರನೆಯದರಲ್ಲಿ ಟೆಕ್ಸಾಸಿನ ಬಯಲು, ಏನೂ ಇಲ್ಲದ ಆಕಾಶ. ನಾಲ್ಕನೆಯದರಲ್ಲಿ ಮುಖಗಳೇ ಅಂಕುಡೊಂಕಾಗಿ, ಗೋಡೆಗಳು ಬಾಗಿ, ನೋಡುವವನ ನೆಲೆಯೇ ತಪ್ಪಿಹೋಗುವಂಥ ಚೌಕಟ್ಟುಗಳು. ಇವು ಒಂದೇ ಕೈಬರಹವೆಂದು ಹೇಳಿಕೊಡದೆ ಯಾರಿಗೂ ಹೊಳೆಯುವುದಿಲ್ಲ. ದೊಡ್ಡ ಕಲಾವಿದನಿಗೆ ಒಂದು ಮುದ್ರೆ ಇರಬೇಕು, ಎಲ್ಲಿಯೇ ಕಂಡರೂ ಗುರುತು ಹಿಡಿಯುವಂತಿರಬೇಕು ಎಂದು ನಾವು ಸಾಹಿತ್ಯದಲ್ಲಿಯೂ ಸಂಗೀತದಲ್ಲಿಯೂ ನಂಬಿಕೊಂಡು ಬಂದಿದ್ದೇವೆ. 130ಕ್ಕೂ ಹೆಚ್ಚು ಚಿತ್ರಗಳಿಗೆ ದುಡಿದು, 10 ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡು, ಎರಡು ಬಾರಿ ಅದನ್ನು ಪಡೆದ ಈ ಮನುಷ್ಯ ಆ ನಂಬಿಕೆಗೆ ಒಗ್ಗುವುದೇ ಇಲ್ಲ. ನನಗೆ ಹೌ ಅವರಲ್ಲಿ ಆಸಕ್ತಿ ಹುಟ್ಟಿದ್ದು ಈ ಒಗ್ಗದಿರುವಿಕೆಯಿಂದಲೇ.

ಕಪ್ಪು ಮಖಮಲ್ಲು

ಹೌ ಹುಟ್ಟಿದ್ದು 1899ರಲ್ಲಿ, ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ತೈಶಾನ್ ಸೀಮೆಯಲ್ಲಿ. ಹುಟ್ಟುಹೆಸರು ವಾಂಗ್ ಟುಂಗ್ ಜಿಮ್. ತಂದೆ ಅಮೆರಿಕಕ್ಕೆ ಹೋಗಿ ನಾರ್ದರ್ನ್ ಪೆಸಿಫಿಕ್ ರೈಲ್ವೆಯಲ್ಲಿ ದುಡಿದು, ಕೊನೆಗೆ ವಾಷಿಂಗ್ಟನ್ ರಾಜ್ಯದ ಪ್ಯಾಸ್ಕೋ ಎಂಬ ಊರಿನಲ್ಲಿ ಅಂಗಡಿ ಇಟ್ಟವರು. ಐದು ವರ್ಷದ ಮಗನೂ ಅಲ್ಲಿಗೇ ಬಂದ. ಊರಿನ ಔಷಧದ ಅಂಗಡಿಯಲ್ಲಿ ಕೊಂಡ ಒಂದು ಬ್ರೌನಿ ಕ್ಯಾಮೆರಾ, ತಂದೆ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಬಾಕ್ಸಿಂಗ್, ಆಮೇಲೆ ಲಾಸ್ ಏಂಜಲಿಸ್‌ನಲ್ಲಿ ಸಿಕ್ಕ ಸಿಕ್ಕ ಚಾಕರಿ. 1917ರಲ್ಲಿ ಫೇಮಸ್ ಪ್ಲೇಯರ್ಸ್-ಲಾಸ್ಕಿ ಸ್ಟುಡಿಯೋದಲ್ಲಿ ಕಸ ಗುಡಿಸುವ, ಸಾಮಾನು ಹೊರುವ ಕೆಲಸ ಸಿಕ್ಕಿತು. ಒಂದು ದಿನ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಅವರ ಸೆಟ್ಟಿನಲ್ಲಿ ಕೈ ಸಾಲದೆ, ಕ್ಲ್ಯಾಪ್ ಬೋರ್ಡ್ ಹಿಡಿಯಲು ಈ ಹುಡುಗನನ್ನು ಕರೆದರು. ಬಾಯಲ್ಲಿ ದೊಡ್ಡ ಸಿಗಾರ್ ಕಚ್ಚಿಕೊಂಡು ಬೋರ್ಡು ಹಿಡಿದು ನಿಂತ ಆ ಪುಟ್ಟ ಆಕೃತಿ ಡಿಮಿಲ್‌ಗೆ ಇಷ್ಟವಾಯಿತು, ಅಲ್ಲಿಯೇ ಉಳಿಸಿಕೊಂಡರು. ಇಷ್ಟನ್ನು ಬೇಗ ಹೇಳಿ ಮುಗಿಸುತ್ತಿದ್ದೇನೆ, ಏಕೆಂದರೆ ನನಗೆ ಮುಖ್ಯವೆನಿಸುವುದು ಮುಂದೆ ನಡೆದದ್ದು.

ಆ ಕಾಲದ ಫಿಲ್ಮ್ ಇಂದಿನಂತೆ ಎಲ್ಲ ಬಣ್ಣಗಳಿಗೂ ಸ್ಪಂದಿಸುತ್ತಿರಲಿಲ್ಲ. ಕೆಂಪು ಅದಕ್ಕೆ ಕಾಣುತ್ತಲೇ ಇರಲಿಲ್ಲ, ಕಪ್ಪಾಗಿ ದಾಖಲಾಗುತ್ತಿತ್ತು. ನೀಲಿಗೆ ಅದು ಅತಿಯಾಗಿ ಸ್ಪಂದಿಸಿ ಬಿಳಿಯಾಗಿಸುತ್ತಿತ್ತು. ಹಾಗಾಗಿ ತೆಳುನೀಲಿ ಕಣ್ಣಿನ ನಟಿಯರು ತೆರೆಯ ಮೇಲೆ ಕಣ್ಣಾಲಿಯೇ ಇಲ್ಲದವರಂತೆ ಕಾಣುವ ಅಪಾಯವಿತ್ತು. ಮೇರಿ ಮೈಲ್ಸ್ ಮಿಂಟರ್ ಅಂಥವರಲ್ಲಿ ಒಬ್ಬರು, ಆಗ ದೊಡ್ಡ ತಾರೆ. ಸೆಟ್ಟಿನಲ್ಲಿ ನಟನಟಿಯರ ಸ್ಥಿರಚಿತ್ರ ತೆಗೆದು ಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿದ್ದ ಹೌ, ಮಿಂಟರ್ ಅವರ ಚಿತ್ರವನ್ನೂ ತೆಗೆದರು. ಆ ಚಿತ್ರದಲ್ಲಿ ಅವರ ಕಣ್ಣು ಗಾಢವಾಗಿ ಬಂದಿತ್ತು. ಸಿನಿಮಾದಲ್ಲಿಯೂ ಹೀಗೆ ಕಾಣಿಸಬಲ್ಲೆಯಾ ಎಂದು ಮಿಂಟರ್ ಕೇಳಿದರು. ಆಗುತ್ತದೆ ಎಂದು ಹೌ ಹೇಳಿಬಿಟ್ಟರು. ಆದರೆ ಅದು ಹೇಗಾಯಿತೆಂದು ಆ ಗಳಿಗೆಯಲ್ಲಿ ಅವರಿಗೇ ತಿಳಿದಿರಲಿಲ್ಲ.

ಆಮೇಲೆ ಕಂಡುಕೊಂಡರು. ಚಿತ್ರ ತೆಗೆಯುವಾಗ ಮಿಂಟರ್ ಎದುರಿಗೆ ಕಪ್ಪು ಮಖಮಲ್ಲಿನ ಬಟ್ಟೆಯೊಂದಿತ್ತು. ಕಣ್ಣು ಒದ್ದೆಯಾದ, ಹೊಳೆಯುವ ಒಂದು ಮೇಲ್ಮೈ. ಎದುರಿಗೆ ಏನಿದೆಯೋ ಅದನ್ನು ಪ್ರತಿಫಲಿಸುತ್ತದೆ. ಕಪ್ಪು ಬಟ್ಟೆಯ ಪ್ರತಿಬಿಂಬ ನೀಲಿಯ ಮೇಲೆ ಬಿದ್ದು ಕಣ್ಣಾಲಿ ಗಾಢವಾಗಿತ್ತು. ಹೌ ಒಂದು ದೊಡ್ಡ ಚೌಕಟ್ಟಿಗೆ ಕಪ್ಪು ಮಖಮಲ್ಲು ಬಿಗಿದು, ನಡುವೆ ತೂತು ಕೊರೆದು, ಅದರ ಮೂಲಕ ಲೆನ್ಸ್ ತೂರಿಸಿ ಮಿಂಟರ್ ಅವರ ಕ್ಲೋಸಪ್‌ಗಳನ್ನು ಚಿತ್ರಿಸಿದರು. 1923ರ ‘ಡ್ರಮ್ಸ್ ಆಫ್ ಫೇಟ್’ ಅವರು ಛಾಯಾಗ್ರಾಹಕರಾಗಿ ಮಾಡಿದ ಮೊದಲ ಚಿತ್ರವಾಯಿತು. ಮಿಂಟರ್ ಪೂರ್ವ ದೇಶದಿಂದ ಒಬ್ಬ ಕ್ಯಾಮೆರಾದವನನ್ನು ತರಿಸಿಕೊಂಡಿದ್ದಾರೆ, ಅವನು ಕಪ್ಪು ಮಖಮಲ್ಲಿನ ಹಿಂದೆ ಅಡಗಿ ಮಾಯೆ ಮಾಡುತ್ತಾನೆ ಎಂಬ ಗಾಳಿಮಾತು ಹಾಲಿವುಡ್‌ನಲ್ಲಿ ಹಬ್ಬಿತಂತೆ. ನೀಲಿ ಕಣ್ಣಿನ ತಾರೆಯರು ಒಬ್ಬೊಬ್ಬರಾಗಿ ಅವರನ್ನು ಕೇಳತೊಡಗಿದರು.

ಹೌ ಅವರ ಬಗ್ಗೆ ಬರೆಯುವ ಎಲ್ಲರೂ ಈ ಪ್ರಸಂಗವನ್ನು ಹೇಳುತ್ತಾರೆ. ಸಾಮಾನ್ಯವಾಗಿ ಇದನ್ನು ಅದೃಷ್ಟದ ಕಥೆಯಾಗಿ, ಕಸ ಗುಡಿಸುವವನು ಕ್ಯಾಮೆರಾ ಹಿಡಿದ ಕಥೆಯಾಗಿ ಹೇಳುವುದು ರೂಢಿ. ನನಗೆ ಇದರಲ್ಲಿ ಕಾಣುವುದು ಬೇರೆ. ಒಂದು ಒಳ್ಳೆಯ ಫಲಿತಾಂಶ ಆಕಸ್ಮಿಕವಾಗಿ ಸಿಕ್ಕಾಗ ಅದನ್ನು ದೈವದ ಕೃಪೆಯೆಂದು ಇಟ್ಟುಕೊಳ್ಳದೆ, ಆ ದಿನ ಕೋಣೆಯಲ್ಲಿ ಏನೇನಿತ್ತು, ಅವರು ಯಾವ ಕಡೆ ನೋಡುತ್ತಿದ್ದರು ಎಂದು ಹಿಂದಕ್ಕೆ ಹೋಗಿ ಹುಡುಕುವ ಬುದ್ಧಿ ಅದು. ಮುಖದ ಮೇಲೆ ಬೀಳುವ ಬೆಳಕಷ್ಟೇ ಅಲ್ಲ, ಮುಖದ ಎದುರಿಗೆ ಇರುವ ಕತ್ತಲೂ ಚಿತ್ರವನ್ನು ಮಾಡುತ್ತದೆ ಎಂಬ ಅರಿವು 23ರ ಆಸುಪಾಸಿನ ಆ ತರುಣನಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಮುಂದಿನ ಐವತ್ತು ವರ್ಷ ಅವರು ಮಾಡಿದ್ದು ಈ ಹುಡುಕಾಟವನ್ನೇ: ಈ ಬೆಳಕು ಎಲ್ಲಿಂದ ಬರುತ್ತಿದೆ, ಬರಲು ಕಾರಣವೇನು?

ಚಾವಣಿ ಇರುವ ಕೋಣೆ

1920ರ ದಶಕದ ಕೊನೆಗೆ ಹೌ ಚೀನಾಕ್ಕೆ ಹೋದರು, ತಾವೇ ಒಂದು ಚಿತ್ರ ಮಾಡುವ ಆಸೆಯಿಂದ. ಆ ಚಿತ್ರ ಆಗಲಿಲ್ಲ. (ಅಲ್ಲಿ ಅವರು ಚಿತ್ರಿಸಿದ ಕೆಲವು ದೃಶ್ಯಗಳು ಮುಂದೆ 1932ರ ‘ಶಾಂಘೈ ಎಕ್ಸ್‌ಪ್ರೆಸ್’ನಲ್ಲಿ ಬಳಕೆಯಾದವು.) ಮರಳಿ ಬರುವ ಹೊತ್ತಿಗೆ ಹಾಲಿವುಡ್ ಮಾತು ಕಲಿತಿತ್ತು. ಟಾಕಿ ಚಿತ್ರದ ಅನುಭವವಿಲ್ಲದ ಛಾಯಾಗ್ರಾಹಕರಿಗೆ ಕೆಲಸ ಸಿಗುವುದು ಕಷ್ಟವಾಗಿತ್ತು. ಹತ್ತು ವರ್ಷಗಳ ದುಡಿಮೆಯ ಹೆಸರು ಕೆಲವೇ ತಿಂಗಳಲ್ಲಿ ಮಾಸಿಹೋಗುವ ಉದ್ಯಮ ಅದು. ಅವರನ್ನು ಮತ್ತೆ ನೆಲೆ ನಿಲ್ಲಿಸಿದ ಚಿತ್ರಗಳಲ್ಲಿ ಮುಖ್ಯವಾದದ್ದು ವಿಲಿಯಂ ಕೆ. ಹೊವಾರ್ಡ್ ನಿರ್ದೇಶಿಸಿದ ‘ಟ್ರಾನ್ಸಟ್ಲಾಂಟಿಕ್’ (1931).

ಕಥೆ ನಡೆಯುವುದು ಸಾಗರ ದಾಟುವ ಒಂದು ಹಡಗಿನಲ್ಲಿ. ಆ ಕಾಲದ ಸೆಟ್ಟುಗಳಿಗೆ ಚಾವಣಿ ಇರುತ್ತಿರಲಿಲ್ಲ. ದೀಪಗಳನ್ನು ಮೇಲಿನಿಂದ ತೂಗುಹಾಕಲು ಅನುಕೂಲವಾಗಲೆಂದು ಮೇಲ್ಭಾಗವನ್ನು ತೆರೆದೇ ಬಿಡುತ್ತಿದ್ದರು. ನೋಡುವವರಿಗೆ ಗೊತ್ತಾಗದಂತೆ ಕ್ಯಾಮೆರಾವನ್ನು ಎದೆಮಟ್ಟದಲ್ಲಿ ನೇರವಾಗಿ ಇಡುತ್ತಿದ್ದರು. ಹೌ ‘ಟ್ರಾನ್ಸಟ್ಲಾಂಟಿಕ್’ನಲ್ಲಿ ಚಾವಣಿ ಇರುವ ಸೆಟ್ಟುಗಳನ್ನು ಬಳಸಿದರು, ವೈಡ್ ಆ್ಯಂಗಲ್ ಲೆನ್ಸುಗಳನ್ನು ಬಳಸಿದರು, ಹತ್ತಿರದ ಮುಖವೂ ದೂರದ ಬಾಗಿಲೂ ಒಂದೇ ಸಮನೆ ಸ್ಪಷ್ಟವಾಗಿ ಕಾಣುವಂತೆ ಮಾಡಿದರು. ಈ ವಿಧಾನ ಲೋಕವಿಖ್ಯಾತವಾದದ್ದು ಹತ್ತು ವರ್ಷದ ನಂತರ, ಗ್ರೆಗ್ ಟೋಲಂಡ್ ಛಾಯಾಗ್ರಹಣದ ‘ಸಿಟಿಜನ್ ಕೇನ್’ನಿಂದ. ಹಾಗಾದರೆ ಮೊದಲಿಗರು ಯಾರು ಎಂಬ ವಾದ ಸಿನಿಮಾ ಇತಿಹಾಸಕಾರರಲ್ಲಿ ಆಗಾಗ ಏಳುತ್ತದೆ. ನನಗೆ ಆ ವಾದದಲ್ಲಿ ಹೆಚ್ಚು ರುಚಿಯಿಲ್ಲ. ಟೋಲಂಡ್ ಅವರ ಸಾಧನೆ ಅದರಿಂದ ಕಿರಿದಾಗುವುದೂ ಇಲ್ಲ. ಹೌ ಅದನ್ನು ಮಾಡಿದ ಕಾರಣ ಮಾತ್ರ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಹಡಗಿನ ಒಳಗೆ ಚಾವಣಿ ತಗ್ಗಾಗಿರುತ್ತದೆ, ಓಣಿಗಳು ಉದ್ದವಾಗಿರುತ್ತವೆ, ಯಂತ್ರಗಳ ಕೋಣೆ ಆಳವಾಗಿರುತ್ತದೆ. ಅಲ್ಲಿ ಇರುವವನಿಗೆ ತಲೆಯ ಮೇಲೆ ಕಬ್ಬಿಣ ಇರುವುದು ಸದಾ ಗೊತ್ತಾಗುತ್ತಿರುತ್ತದೆ. ಚಾವಣಿಯನ್ನು ತೋರಿಸಿದೊಡನೆ ಮೇಲಿನಿಂದ ದೀಪ ಹಾಕುವ ದಾರಿ ಮುಚ್ಚಿಹೋಗುತ್ತದೆ. ಬೆಳಕು ಗೋಡೆಯ ದೀಪದಿಂದ, ದುಂಡು ಕಿಟಕಿಯಿಂದ, ತೆರೆದ ಬಾಗಿಲಿನಿಂದ ಬರಲೇಬೇಕು. ಸೌಲಭ್ಯವೊಂದನ್ನು ಬಿಟ್ಟುಕೊಟ್ಟದ್ದರಿಂದ ಕೋಣೆ ನಿಜವಾಯಿತು.

1947ರ ‘ಬಾಡಿ ಆ್ಯಂಡ್ ಸೋಲ್’ ಚಿತ್ರದ ಬಾಕ್ಸಿಂಗ್ ದೃಶ್ಯಗಳಲ್ಲಿ ಇದೇ ಬುದ್ಧಿ ಇನ್ನೊಂದು ರೀತಿಯಲ್ಲಿ ಕೆಲಸ ಮಾಡಿದೆ. ಅದುವರೆಗೆ ಸಿನಿಮಾದ ಕುಸ್ತಿ-ಬಾಕ್ಸಿಂಗ್‌ಗಳನ್ನು ಪ್ರೇಕ್ಷಕರ ಸಾಲಿನಿಂದ ನೋಡಿದಂತೆ ಚಿತ್ರಿಸುವುದು ರೂಢಿಯಾಗಿತ್ತು. ಹೌ ಕಾಲಿಗೆ ರೋಲರ್ ಸ್ಕೇಟ್ ಕಟ್ಟಿಕೊಂಡು, ಚಿಕ್ಕ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ರಿಂಗಿನ ಒಳಕ್ಕೇ ಇಳಿದರು. ಸಹಾಯಕನೊಬ್ಬ ಹಿಂದಿನಿಂದ ಅವರನ್ನು ತಳ್ಳುತ್ತಿದ್ದ. ಆಗ ಅವರಿಗೆ 47 ವರ್ಷ. ಹದಿಹರೆಯದಲ್ಲಿ ರಿಂಗಿನಲ್ಲಿ ಹೊಡೆತ ತಿಂದು ಗೊತ್ತಿದ್ದವರಿಗೆ, ಹೊಡೆತ ಹೊರಗಿನಿಂದ ಹೇಗೆ ಕಾಣುತ್ತದೆ ಎನ್ನುವುದಕ್ಕಿಂತ ಎದುರಾಳಿಯ ಮುಖ ಹೇಗೆ ಹತ್ತಿರ ಬಂದು ದೂರವಾಗುತ್ತದೆ ಎನ್ನುವುದು ಮುಖ್ಯವಾಗಿತ್ತು. ಜಾನ್ ಗಾರ್‌ಫೀಲ್ಡ್ ತೂರಾಡುವಾಗ ಚೌಕಟ್ಟು ತೂರಾಡುತ್ತದೆ, ಫೋಕಸ್ ಒಂದು ಕ್ಷಣ ತಪ್ಪಿ ಮತ್ತೆ ಹಿಡಿಯುತ್ತದೆ, ದೀಪಗಳು ಕಣ್ಣಿಗೆ ರಾಚುತ್ತವೆ. ಈ ದೃಶ್ಯದಲ್ಲಿ ಸುಂದರವಾದ ಚೌಕಟ್ಟು ಒಂದೂ ಇಲ್ಲ. ಇರಬೇಕಾಗಿಯೂ ಇರಲಿಲ್ಲ. ಚಿತ್ರದ ಸಂಕಲನಕ್ಕೆ ಆಸ್ಕರ್ ಬಂತು. ಆ ತುಣುಕುಗಳು ಜೋಡಿಸುವವರ ಕೈಗೆ ಸಿಕ್ಕಿದ್ದೇ ಹೌ ರಿಂಗಿಗೆ ಇಳಿದಿದ್ದರಿಂದ.

ಕಾಯಿದೆಯ ಹೊರಗೆ

ಅವರ ವೃತ್ತಿಯನ್ನು ಅವರು ಬದುಕಿದ ದೇಶದ ಕಾಯಿದೆಗಳಿಂದ ಬೇರ್ಪಡಿಸಿ ನೋಡಲು ನಾನು ಪ್ರಯತ್ನಿಸಿದ್ದೇನೆ, ಆಗುವುದಿಲ್ಲ. ಅಮೆರಿಕ 1882ರಲ್ಲಿ ಮಾಡಿದ ಕಾಯಿದೆಯೊಂದು ಚೀನೀ ಕಾರ್ಮಿಕರ ವಲಸೆಯನ್ನು ತಡೆಯಿತು, ಚೀನೀಯರು ಆ ದೇಶದ ಪೌರತ್ವ ಪಡೆಯುವುದನ್ನು ನಿಷೇಧಿಸಿತು. ಅದು ರದ್ದಾದದ್ದು 1943ರಲ್ಲಿ. ಅಂದರೆ ಹೌ ‘ಅಲ್ಜಿಯರ್ಸ್’ (1938) ಚಿತ್ರಕ್ಕೆ ಮೊದಲ ಆಸ್ಕರ್ ನಾಮನಿರ್ದೇಶನ ಪಡೆದಾಗ ಪೌರರಾಗುವ ಹಕ್ಕು ಅವರಿಗಿರಲಿಲ್ಲ. ಲಿಂಕನ್ ಅವರ ಬದುಕಿನ ಕುರಿತ ‘ಏಬ್ ಲಿಂಕನ್ ಇನ್ ಇಲಿನಾಯ್’ (1940) ಚಿತ್ರಕ್ಕೆ ದುಡಿದಾಗಲೂ ಇರಲಿಲ್ಲ. ಯುದ್ಧಕಾಲದ ಅಮೆರಿಕದ ದೇಶಪ್ರೇಮವನ್ನು ಹಾಡಿ ಕುಣಿದ ‘ಯಾಂಕೀ ಡೂಡಲ್ ಡ್ಯಾಂಡಿ’ (1942)ಗೆ ಬೆಳಕು ಹೊಂದಿಸಿದಾಗಲೂ ಇರಲಿಲ್ಲ. ಆ ಚಿತ್ರದಲ್ಲಿ ನಟಿಸಿದ ಜೇಮ್ಸ್ ಕ್ಯಾಗ್ನಿ ಅವರ ಗೆಳೆಯರು. ಜಪಾನಿನ ಜೊತೆ ಯುದ್ಧ ಶುರುವಾದ ಮೇಲೆ, ಬೀದಿಯಲ್ಲಿ ಜಪಾನೀಯನೆಂದು ತಿಳಿದು ಯಾರಾದರೂ ಮೇಲೆ ಬೀಳಬಹುದೆಂದು ಹೌ ತಾವು ಚೀನೀಯರೆಂದು ಸಾರುವ ಬಿಲ್ಲೆಯೊಂದನ್ನು ಅಂಗಿಗೆ ಸಿಕ್ಕಿಸಿಕೊಂಡು ಓಡಾಡಬೇಕಾಯಿತು. ಕ್ಯಾಗ್ನಿ ತಾವೂ ಅಂಥದೇ ಬಿಲ್ಲೆ ಧರಿಸಿದರಂತೆ.

1937ರಲ್ಲಿ ಅವರು ಲೇಖಕಿ ಸನೋರಾ ಬಾಬ್ ಅವರನ್ನು ಪ್ಯಾರಿಸ್ಸಿನಲ್ಲಿ ಮದುವೆಯಾದರು. ಬಾಬ್ ಬಿಳಿಯ ಹೆಂಗಸು. ಕ್ಯಾಲಿಫೋರ್ನಿಯಾದ ಕಾಯಿದೆ ಇಂಥ ಮದುವೆಯನ್ನು ಒಪ್ಪುತ್ತಿರಲಿಲ್ಲ. ಸ್ಟುಡಿಯೋ ಒಪ್ಪಂದಗಳಲ್ಲಿ ನಡತೆಯ ಷರತ್ತುಗಳೂ ಇದ್ದವು. ಗಂಡಹೆಂಡತಿ ವರ್ಷಗಟ್ಟಲೆ ಬೇರೆ ಬೇರೆ ವಿಳಾಸ ಇಟ್ಟುಕೊಂಡು ಬದುಕಿದರು. 1948ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ತೆಗೆದುಹಾಕಿತು, 1949ರಲ್ಲಿ ಇವರ ಮದುವೆಗೆ ಅಲ್ಲಿ ಮಾನ್ಯತೆ ಸಿಕ್ಕಿತು. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ. ಬಾಬ್ ಅವರ ಬದುಕು ಬೇರೆಯೇ ಒಂದು ದೀರ್ಘ ಬರಹಕ್ಕೆ ಯೋಗ್ಯವಾದದ್ದು: ಬರಗಾಲಕ್ಕೆ ಸಿಕ್ಕ ರೈತರ ಕುರಿತು ಅವರು 1930ರ ದಶಕದ ಕೊನೆಯಲ್ಲಿ ಬರೆದ ಕಾದಂಬರಿ ಅಚ್ಚಾದದ್ದು 2004ರಲ್ಲಿ, ಅವರಿಗೆ 97 ವರ್ಷವಾಗುವ ಹೊತ್ತಿಗೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1924ರ ‘ಪೀಟರ್ ಪ್ಯಾನ್’ ಮೂಕಿ ಚಿತ್ರದಲ್ಲಿ ಅಮೆರಿಕದ ಮೂಲನಿವಾಸಿ ಹುಡುಗಿಯ ಪಾತ್ರ ಮಾಡಿದವರು ಆನಾ ಮೇ ವಾಂಗ್, ಚೀನೀ ಮೂಲದ ನಟಿ. ಅವರನ್ನು ಚಿತ್ರಿಸಿದವರು ಹೌ. ಹದಿಮೂರು ವರ್ಷದ ಮೇಲೆ ಎಂಜಿಎಂ ಸಂಸ್ಥೆ ಚೀನಾದ ರೈತ ಕುಟುಂಬದ ಕಥೆಯುಳ್ಳ ‘ದಿ ಗುಡ್ ಅರ್ತ್’ ಎಂಬ ದೊಡ್ಡ ಚಿತ್ರ ಮಾಡಿದಾಗ ಮುಖ್ಯ ಪಾತ್ರಗಳನ್ನು ಬಿಳಿಯ ನಟರೇ ಮುಖಕ್ಕೆ ಬಣ್ಣ ಹಚ್ಚಿಕೊಂಡು ಮಾಡಿದರು. ಅದರ ಛಾಯಾಗ್ರಹಣ ಕಾರ್ಲ್ ಫ್ರಾಯ್ಂಡ್ ಅವರದು, ಅದಕ್ಕೆ ಆಸ್ಕರ್ ಕೂಡ ಬಂತು. ಫ್ರಾಯ್ಂಡ್ ಮಹಾನ್ ಛಾಯಾಗ್ರಾಹಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೈಶಾನ್‌ನಲ್ಲಿ ಹುಟ್ಟಿದ ಮನುಷ್ಯನೊಬ್ಬ ಅದೇ ವೃತ್ತಿಯ ತುದಿಯಲ್ಲಿ ಇದ್ದಾಗ ಆ ಹೊಲಗಳ ಬೆಳಕನ್ನು ಅವನ ಕಣ್ಣಿನಿಂದ ನೋಡುವ ಅವಕಾಶ ಹಾಲಿವುಡ್‌ಗೆ ತಪ್ಪಿಹೋಯಿತು. ಮುಂದೆ ಅವರೇ ಚೀನಾದ ರಿಕ್ಷಾ ಎಳೆಯುವವನ ಕಥೆಯೊಂದನ್ನು ನಿರ್ದೇಶಿಸಬೇಕೆಂದು ಹೊರಟರು. 1949ರ ಕ್ರಾಂತಿಯ ಕಾಲದಲ್ಲಿ ಅದೂ ಕೈಬಿಟ್ಟುಹೋಯಿತು. ಅವರ ಫಿಲ್ಮೋಗ್ರಫಿಯನ್ನು ಓದುವಾಗ ನನಗೆ ಆಗದೆ ಉಳಿದ ಆ ಚಿತ್ರಗಳೂ ಪಟ್ಟಿಯಲ್ಲಿ ಇರಬೇಕಿತ್ತು ಎನಿಸುತ್ತದೆ.

ಕನ್ನಡಕದ ನೆರಳು

‘ಸ್ವೀಟ್ ಸ್ಮೆಲ್ ಆಫ್ ಸಕ್ಸೆಸ್’ನ ಒಂದು ದೃಶ್ಯಕ್ಕೆ ನಾನು ಮತ್ತೆ ಮತ್ತೆ ಹಿಂದಿರುಗುತ್ತೇನೆ. ಬರ್ಟ್ ಲ್ಯಾಂಕ್ಯಾಸ್ಟರ್ ಅವರದು ಜೆ. ಜೆ. ಹನ್ಸೆಕರ್ ಎಂಬ ಪತ್ರಿಕಾ ಅಂಕಣಕಾರನ ಪಾತ್ರ. ಒಂದು ಸಾಲು ಬರೆದು ಯಾರ ಬದುಕನ್ನಾದರೂ ಎತ್ತಬಲ್ಲ, ಕೆಡವಬಲ್ಲ ಮನುಷ್ಯ. ಟೋನಿ ಕರ್ಟಿಸ್ ಅವರದು ಅವನ ಕೃಪೆಗಾಗಿ ಅಲೆಯುವ ಸಿಡ್ನಿ ಫಾಲ್ಕೊ. ದುಬಾರಿ ಹೋಟೆಲಿನ ಮೇಜಿನ ಸುತ್ತ ಹನ್ಸೆಕರ್ ದರ್ಬಾರು ನಡೆಸುತ್ತಿರುತ್ತಾನೆ. ಎದುರಿಗೆ ಒಬ್ಬ ಸೆನೆಟರ್, ಜೊತೆಗೆ ಒಬ್ಬ ಹುಡುಗಿ. ಫಾಲ್ಕೊ ಹಿಂದೆ ಕುರ್ಚಿ ಎಳೆದುಕೊಂಡು ಕೂರುತ್ತಾನೆ, ಹನ್ಸೆಕರ್ ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಇಡೀ ದೃಶ್ಯ ಮಾತಿನದೇ. ಯಾರೂ ಎದ್ದು ಓಡುವುದಿಲ್ಲ, ಯಾರೂ ಕೈ ಎತ್ತುವುದಿಲ್ಲ.

ಭಯ ಎಲ್ಲಿಂದ ಬರುತ್ತದೆ ಎಂದು ಗಮನಿಸಿ ನೋಡಿದರೆ, ಅದು ಲ್ಯಾಂಕ್ಯಾಸ್ಟರ್ ಅವರ ಕನ್ನಡಕದಿಂದ ಬರುತ್ತದೆ. ದಪ್ಪ ಚೌಕಟ್ಟಿನ ಕನ್ನಡಕ. ಹೌ ಬೆಳಕನ್ನು ಮೇಲಿನಿಂದ ಬೀಳಿಸಿದ್ದರಿಂದ ಆ ಚೌಕಟ್ಟಿನ ನೆರಳು ಕೆನ್ನೆಯ ಮೇಲೆ ಬಿದ್ದು ಮುಖ ತಲೆಬುರುಡೆಯಂತಾಗುತ್ತದೆ. ಕನ್ನಡಕದ ಗಾಜಿಗೆ ನಿರ್ದೇಶಕ ಅಲೆಕ್ಸಾಂಡರ್ ಮಕೆಂಡ್ರಿಕ್ ತೆಳುವಾಗಿ ಜಿಡ್ಡು ಸವರಿದ್ದರಂತೆ. ಅದರಿಂದ ಲ್ಯಾಂಕ್ಯಾಸ್ಟರ್‌ಗೆ ಎದುರಿನವರ ಮೇಲೆ ದೃಷ್ಟಿ ನಿಲ್ಲಿಸಲು ಆಗುತ್ತಿರಲಿಲ್ಲ. ನೋಟ ಯಾರನ್ನೂ ಮುಟ್ಟದೆ ದಾಟಿಹೋಗುತ್ತಿತ್ತು. ಎದುರಿಗಿರುವವರನ್ನು ಮನುಷ್ಯರೆಂದೇ ಪರಿಗಣಿಸದ ಪಾತ್ರಕ್ಕೆ ಇದಕ್ಕಿಂತ ಸರಿಯಾದ ನೋಟ ಯಾವುದಿದ್ದೀತು? ಅದೇ ಮೇಜಿನಲ್ಲಿ, ಅದೇ ದೀಪದಡಿಯಲ್ಲಿ ಕರ್ಟಿಸ್ ಅವರ ಮುಖ ನುಣುಪಾಗಿ, ಎಳೆಯದಾಗಿ, ಸುಂದರವಾಗಿ ಕಾಣುತ್ತದೆ. ಹೋಟೆಲಿನಲ್ಲಿ ದೀಪ ಚಾವಣಿಯಿಂದ ತೂಗುತ್ತದೆ, ಆದ್ದರಿಂದ ಬೆಳಕು ಮೇಲಿನಿಂದಲೇ ಬರುತ್ತದೆ. ಯಾರೂ ಅದನ್ನು ಪ್ರಶ್ನಿಸುವ ಹಾಗಿಲ್ಲ. ಕಾರಣ ಕೋಣೆಯಲ್ಲಿದೆ, ಪರಿಣಾಮ ಪಾತ್ರದಲ್ಲಿದೆ.

1931ರಲ್ಲಿ ಹಡಗಿನ ಚಾವಣಿಯನ್ನು ಮುಚ್ಚಿ ಮೇಲಿನ ಬೆಳಕನ್ನು ಬಿಟ್ಟುಕೊಟ್ಟವರು, 1957ರಲ್ಲಿ ಮೇಲಿನ ಬೆಳಕನ್ನೇ ಆಯುಧವಾಗಿಸಿದರು. ಹೌ ಅವರಿಗೆ ನಿಯಮಗಳಿರಲಿಲ್ಲ, ಪ್ರಶ್ನೆಯೊಂದಿತ್ತು ಎಂದು ನಾನು ಹೇಳುವುದು ಇದಕ್ಕೇ. ಈ ಚಿತ್ರ ಬಿಡುಗಡೆಯಾದಾಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಆಸ್ಕರ್‌ಗೆ ಒಂದೂ ನಾಮನಿರ್ದೇಶನ ಪಡೆಯಲಿಲ್ಲ. ಅವರ ಎಲ್ಲ ಕೆಲಸದಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕೆಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಬರಿದಾದ ಆಕಾಶ

‘ಹಡ್’ ಅದಕ್ಕೆ ಪೂರ್ತಿ ವಿರುದ್ಧ. ಮಾರ್ಟಿನ್ ರಿಟ್ ನಿರ್ದೇಶನ, ಟೆಕ್ಸಾಸಿನ ಉತ್ತರ ಭಾಗದ ಬಯಲುಸೀಮೆ, ದನ ಸಾಕುವ ಕುಟುಂಬ. ಪಶ್ಚಿಮದ ಬಯಲನ್ನು ಚಿತ್ರಿಸುವ ಹಾಲಿವುಡ್ ಚಿತ್ರಗಳಲ್ಲಿ ಮೋಡಗಳಿಗೆ ದೊಡ್ಡ ಸ್ಥಾನವಿರುತ್ತಿತ್ತು. ಫಿಲ್ಟರ್ ಬಳಸಿ ಆಕಾಶವನ್ನು ಗಾಢಗೊಳಿಸಿ, ಬಿಳಿ ಮೋಡಗಳನ್ನು ಎದ್ದು ಕಾಣಿಸಿ, ನೆಲಕ್ಕೊಂದು ಭವ್ಯತೆ ಕೊಡುವುದು ಛಾಯಾಗ್ರಾಹಕರ ಹೆಮ್ಮೆಯಾಗಿತ್ತು. ಹೌ ಫಿಲ್ಟರುಗಳನ್ನು ಅದಕ್ಕೆ ವಿರುದ್ಧವಾಗಿ ಬಳಸಿದರು. ಮೋಡ ಆಕಾಶದಲ್ಲಿ ಕರಗಿ, ಮೇಲೆ ಬರಿಯ ಬಿಳುಪು ಉಳಿಯುವಂತೆ ಮಾಡಿದರು. ಅಗಲ ತೆರೆಯ ಮೇಲರ್ಧದಲ್ಲಿ ಏನೂ ಇಲ್ಲ. ಪಾಲ್ ನ್ಯೂಮನ್ ಅವರ ಹಡ್ ಯಾರಿಗೂ ಆಗದ, ಏನನ್ನೂ ನಂಬದ ಮನುಷ್ಯ. ಅವನ ತಲೆಯ ಮೇಲಿನ ಆಕಾಶದಲ್ಲಿಯೂ ನಂಬಿಕೆಗೆ ಒದಗುವಂಥದ್ದು ಏನೂ ಇಲ್ಲ.

ದನಗಳಿಗೆ ಕಾಲುಬಾಯಿ ಜ್ವರ ತಗಲುತ್ತದೆ. ಹಳ್ಳಿಯ ಹಿನ್ನೆಲೆಯಿರುವ ಯಾವ ಕನ್ನಡಿಗನಿಗೂ ಆ ಹೆಸರು ಕೇಳಿದೊಡನೆ ಕೊಟ್ಟಿಗೆಯಲ್ಲಿ ಜೊಲ್ಲು ಸುರಿಸುತ್ತ ಕುಂಟುವ ಎತ್ತು ಕಣ್ಣ ಮುಂದೆ ಬರುತ್ತದೆ. ನಮ್ಮಲ್ಲಿ ಆರೈಕೆ ಮಾಡಿ ಉಳಿಸಿಕೊಳ್ಳಲು ನೋಡುತ್ತಾರೆ. ಅಲ್ಲಿ ರೋಗ ಹರಡದಿರಲೆಂದು ಸರ್ಕಾರದ ಆಜ್ಞೆಯಂತೆ ಇಡೀ ಮಂದೆಯನ್ನು ಕೊಲ್ಲಬೇಕು. ಅಗೆದ ದೊಡ್ಡ ಹಳ್ಳಕ್ಕೆ ದನಗಳನ್ನು ಇಳಿಸಿ, ಅಂಚಿನಲ್ಲಿ ನಿಂತವರು ಬಂದೂಕು ಹಾರಿಸುತ್ತಾರೆ. ಹೌ ಈ ದೃಶ್ಯದಲ್ಲಿ ನೆರಳನ್ನು ಬಳಸುವುದಿಲ್ಲ, ಸಂಜೆಯನ್ನು ಬಳಸುವುದಿಲ್ಲ, ಯಾವುದನ್ನೂ ಮೃದುಗೊಳಿಸುವುದಿಲ್ಲ. ಚಪ್ಪಟೆ ಹಗಲು, ಧೂಳು, ಒಂದರ ಮೇಲೊಂದು ಬೀಳುವ ಬೆನ್ನುಗಳು, ಮೇಲೆ ಅದೇ ಬರಿದು ಆಕಾಶ. ಮೆಲ್ವಿನ್ ಡಗ್ಲಸ್ ಅವರ ಮುದುಕ ಯಜಮಾನ ನಿಂತು ನೋಡುತ್ತಾನೆ. ಅವನ ಮುಖಕ್ಕೂ ವಿಶೇಷವಾದ ಬೆಳಕಿಲ್ಲ. ಮಧ್ಯಾಹ್ನದ ಬಯಲಿನಲ್ಲಿ ಯಾರಿಗೆ ತಾನೆ ವಿಶೇಷ ಬೆಳಕು ಸಿಗುತ್ತದೆ? ಈ ಚಿತ್ರಕ್ಕೆ ಹೌ ಅವರಿಗೆ ಎರಡನೆಯ ಆಸ್ಕರ್ ಬಂತು. ‘ಕಣ್ಣಿಗೆ ಹಬ್ಬ’ ಎಂಬ ಮಾತು ಸಲ್ಲದ ಛಾಯಾಗ್ರಹಣಕ್ಕೆ ದೊಡ್ಡ ಮನ್ನಣೆ ಸಿಕ್ಕ ಅಪರೂಪದ ಸಂದರ್ಭ ಅದು.

‘ಸೆಕೆಂಡ್ಸ್’ ಬಗ್ಗೆ ನನಗೆ ಅಷ್ಟು ನಿಶ್ಚಿಂತೆಯಿಲ್ಲ. ಮಧ್ಯವಯಸ್ಸಿನ ಬ್ಯಾಂಕಿನವನೊಬ್ಬ ಹಣ ಕೊಟ್ಟು ಹೊಸ ಮುಖ, ಹೊಸ ಬದುಕು ಕೊಳ್ಳುವ ಕಥೆ. ಜಾನ್ ಫ್ರಾಂಕನ್‌ಹೈಮರ್ ನಿರ್ದೇಶನ. ನಟನ ಮೈಗೇ ಕ್ಯಾಮೆರಾ ಕಟ್ಟಿ, ಅವನು ನಡೆದಂತೆ ರೈಲು ನಿಲ್ದಾಣ ಅವನ ಹಿಂದೆ ಓಲಾಡುವಂತೆ ಮಾಡಿದ ಆರಂಭದ ಭಾಗ ಇಂದಿಗೂ ಬೆಚ್ಚಿಬೀಳಿಸುತ್ತದೆ. ಆದರೆ ಅತಿ ಅಗಲದ ಲೆನ್ಸುಗಳ ಬಳಕೆ ಕೆಲವೆಡೆ ಹೆಚ್ಚಾಯಿತು, ಪಾತ್ರದ ತಳಮಳವನ್ನು ರಾಕ್ ಹಡ್ಸನ್ ಅವರ ಮುಖವೇ ಹೇಳುತ್ತಿರುವಾಗ ಗೋಡೆಗಳೂ ಹೇಳಬೇಕಾಗಿರಲಿಲ್ಲ ಎನಿಸುತ್ತದೆ. ಆದರೂ 66ರ ವಯಸ್ಸಿನಲ್ಲಿ, ಬೇಕಾದಷ್ಟು ಗೌರವ ಗಳಿಸಿದ ಮೇಲೆ, ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳ ಹೊಸ ತಲೆಮಾರಿನ ಜೊತೆ ಆ ಮಟ್ಟದ ಸಾಹಸಕ್ಕೆ ಇಳಿದದ್ದನ್ನು ನೋಡಿದಾಗ ನನ್ನ ತಕರಾರು ಚಿಕ್ಕದಾಗುತ್ತದೆ.

ಕೊನೆಯ ಚಿತ್ರ 1975ರ ‘ಫನ್ನಿ ಲೇಡಿ’. ಬೇರೊಬ್ಬ ಛಾಯಾಗ್ರಾಹಕರು ಆರಂಭಿಸಿದ್ದ ಕೆಲಸ. ನಿವೃತ್ತರಾಗಿದ್ದ ಹೌ ಅವರನ್ನು ಕರೆತಂದರು. ಚಿತ್ರೀಕರಣದ ನಡುವೆ ಅವರ ಆರೋಗ್ಯ ಕೆಟ್ಟಿತು. ಆ ಚಿತ್ರವೇ ಅವರಿಗೆ ಹತ್ತನೆಯ ನಾಮನಿರ್ದೇಶನ ತಂದುಕೊಟ್ಟಿತು. 1976ರ ಜುಲೈನಲ್ಲಿ ತೀರಿಕೊಂಡರು.

ಅದಕ್ಕೂ ಮೊದಲು ಕೆಲವು ಕಾಲ ಅವರು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಛಾಯಾಗ್ರಹಣ ಕಲಿಸಿದ್ದರು. ಮುಂದೆ ‘ಹ್ಯಾಲೊವೀನ್’, ‘ಜುರಾಸಿಕ್ ಪಾರ್ಕ್’ ಚಿತ್ರಗಳಿಗೆ ಛಾಯಾಗ್ರಾಹಕರಾದ ಡೀನ್ ಕಂಡಿ ಆ ತರಗತಿಯಲ್ಲಿದ್ದವರು, ಆ ಪಾಠಗಳನ್ನು ಸಂದರ್ಶನಗಳಲ್ಲಿ ನೆನೆದಿದ್ದಾರೆ. ಅಲ್ಲಿ ಸಲಕರಣೆಗಳ ಪಟ್ಟಿ ಒಪ್ಪಿಸುವುದಾಗಲಿ, ಮಹಾನ್ ಚೌಕಟ್ಟುಗಳನ್ನು ನಕಲು ಮಾಡುವುದಾಗಲಿ ಮುಖ್ಯವಾಗಿರಲಿಲ್ಲ. ಒಂದು ಸಾಧಾರಣ ಕೋಣೆಯ ಸೆಟ್ಟು ಇರುತ್ತಿತ್ತು. ಅದನ್ನು ಇವತ್ತು ಅಗ್ಗದ ಹೋಟೆಲಿನ ಕೋಣೆಯೆಂದು ಭಾವಿಸಿ ಬೆಳಗಿಸಿ, ಈಗ ಹೊತ್ತು ಇಂಥದು ಎಂದು ಹೌ ಹೇಳುತ್ತಿದ್ದರು. ಮುಂದಿನ ಸಲ ಅದೇ ಗೋಡೆ, ಅದೇ ಕಿಟಕಿ, ಬೇರೆ ಮನೆ, ಬೇರೆ ಹೊತ್ತು. ವಿದ್ಯಾರ್ಥಿಗಳು ದೀಪ ಮುಟ್ಟುವ ಮೊದಲು ಆ ಕೋಣೆಯಲ್ಲಿ ಯಾರಿದ್ದಾರೆ, ಕಿಟಕಿಯ ಆಚೆ ಏನಿದೆ, ಅಲ್ಲಿಂದ ಎಷ್ಟು ಬೆಳಕು ಒಳಗೆ ಬಂದೀತು ಎಂದು ಯೋಚಿಸಬೇಕಾಗುತ್ತಿತ್ತು.